ಭಾಷೆಗೆ ಸಿಕ್ಕ ರಕ್ಷಣೆ ಇವರಿಗೂ ಇದೆ: ನಮ್ಮ ಮಕ್ಕಳು ಓದುವ ಕಾಲೇಜುಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರು



ಈ ಬರಹವನ್ನು ನಮ್ಮದೇ ಒಂದು ತಪ್ಪಿನಿಂದ ಆರಂಭಿಸಬೇಕಾಗಿದೆ.

ಕಳೆದ ವರ್ಷದ ಪ್ರತಿಭಾ ಪುರಸ್ಕಾರಕ್ಕೆ ಬಂದ ಅರ್ಜಿಗಳಲ್ಲಿ ಒಂದರಲ್ಲಿ ‘ಗಂಡು / ಹೆಣ್ಣು’ ಎಂಬ ಜಾಗ ಖಾಲಿ ಇತ್ತು. ಕನ್ನಡದಲ್ಲಿ ತುಂಬ ಒಳ್ಳೆಯ ಅಂಕ ಬಂದಿತ್ತು, ಜೊತೆಗಿದ್ದ ಪ್ರಬಂಧವೂ ಚೆನ್ನಾಗಿತ್ತು. ಪ್ರಮಾಣಪತ್ರದಲ್ಲಿ ‘ಕುಮಾರ’ ಎಂದು ಅಚ್ಚು ಹಾಕಿಸಬೇಕೋ ‘ಕುಮಾರಿ’ ಎಂದೋ ತಿಳಿಯದೆ ನಮ್ಮ ಸ್ವಯಂಸೇವಕರೊಬ್ಬರು ಅರ್ಜಿಯಲ್ಲಿದ್ದ ಮನೆಯ ನಂಬರಿಗೆ ಫೋನ್ ಮಾಡಿದರು. ಎತ್ತಿದವರು ತಂದೆ. ‘ನಿಮ್ಮ ಮಗು ಈ ಜಾಗವನ್ನು ಖಾಲಿ ಬಿಟ್ಟಿದೆ, ಏನೆಂದು ಬರೆದುಕೊಳ್ಳಲಿ?’ ಎಂದು ನಮ್ಮವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಆ ಸಂಜೆ ಆ ಮನೆಯಲ್ಲಿ ಏನು ನಡೆಯಿತು ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಮರುದಿನ ಬಂದದ್ದು ಎರಡೇ ಸಾಲಿನ ಸಂದೇಶ: ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇನೆ, ದಯವಿಟ್ಟು ಮನೆಗೆ ಮತ್ತೆ ಫೋನ್ ಮಾಡಬೇಡಿ.

ಆ ವಿದ್ಯಾರ್ಥಿಯ ಒಪ್ಪಿಗೆ ಪಡೆದೇ ಇಷ್ಟನ್ನು ಬರೆಯುತ್ತಿದ್ದೇವೆ. ಊರು, ರಾಜ್ಯ, ಓದುತ್ತಿರುವ ವಿಷಯ ಯಾವುದನ್ನೂ ಹೇಳುವುದಿಲ್ಲ. ಸದಸ್ಯರು ಊಹಿಸಲು ಹೋಗಬಾರದೆಂದು ವಿನಂತಿ. ಕನ್ನಡದಲ್ಲಿ ಹೆಚ್ಚು ಅಂಕ ಪಡೆದದ್ದಕ್ಕೆ ಬಹುಮಾನ ಕೊಡಲು ಕುಮಾರನೋ ಕುಮಾರಿಯೋ ಎಂಬುದು ನಮಗೆ ಬೇಕಾಗಿಯೇ ಇರಲಿಲ್ಲ. ಹಳೆಯ ಅರ್ಜಿಯಲ್ಲಿ ಇತ್ತು, ಆದ್ದರಿಂದ ಕೇಳಿದೆವು. ನಮ್ಮಂಥ ಸಣ್ಣ ಸಂಘದ ಒಂದು ಹಾಳೆಯೇ ಇಷ್ಟು ಮಾಡಬಲ್ಲದಾದರೆ, ಮೂರು ವರ್ಷ ದಿನವೂ ಹೋಗಬೇಕಾದ ಕಾಲೇಜಿನ ಅರ್ಜಿ, ಹಾಜರಿ, ಹಾಸ್ಟೆಲ್, ಶೌಚಾಲಯಗಳು ಎಷ್ಟು ಮಾಡಬಹುದು ಎಂದು ನಾವು ಆಮೇಲೆ ಯೋಚಿಸಿದೆವು. ಈ ಲೇಖನ ಅದರ ಫಲ.

ನಾವೇ ಸಹಿ ಹಾಕಿದ ಒಂದು ಸಾಲು

ಕಾಲೇಜಿಗೆ ಮಗುವನ್ನು ಸೇರಿಸಿದ ಪ್ರತಿಯೊಬ್ಬ ಪೋಷಕರೂ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಗೆ ಸಹಿ ಹಾಕಿರುತ್ತೀರಿ. ವಿದ್ಯಾರ್ಥಿಯದೊಂದು, ಪೋಷಕರದೊಂದು. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2009ರಲ್ಲಿ ತಂದ ನಿಯಮಗಳ ಪ್ರಕಾರ ಇದು ಕಡ್ಡಾಯ. ಯಾವುದು ರ‍್ಯಾಗಿಂಗ್ ಎಂದು ಹೇಳುವ 3ನೆಯ ನಿಯಮವನ್ನು ಓದಿ ತಿಳಿದಿದ್ದೇನೆ ಎಂದು ಆ ಮುಚ್ಚಳಿಕೆಯಲ್ಲಿಯೇ ಬರೆದಿರುತ್ತದೆ. ನಮ್ಮಲ್ಲಿ ಹೆಚ್ಚಿನವರು ಓದಿರುವುದಿಲ್ಲ. ನಾವೂ ಓದಿರಲಿಲ್ಲ.

2016ರ ಜೂನ್‌ನಲ್ಲಿ ಆ ನಿಯಮಕ್ಕೆ ಒಂದು ತಿದ್ದುಪಡಿ ಬಂತು. ಇನ್ನೊಬ್ಬ ವಿದ್ಯಾರ್ಥಿಯನ್ನು ಹೀಯಾಳಿಸುವುದು, ಕಾಡುವುದು, ಗುಂಪಿನಿಂದ ದೂರ ಇಡುವುದು ಯಾವ ಯಾವ ಕಾರಣಕ್ಕೆ ನಡೆದರೆ ರ‍್ಯಾಗಿಂಗ್ ಆಗುತ್ತದೆ ಎಂದು ಅದು ಪಟ್ಟಿ ಮಾಡುತ್ತದೆ. ಬಣ್ಣ, ಜನಾಂಗ, ಧರ್ಮ, ಜಾತಿ, ಟ್ರಾನ್ಸ್‌ಜೆಂಡರ್ ಸೇರಿದಂತೆ ಲಿಂಗ, ಲೈಂಗಿಕ ಒಲವು, ಮೈಕಟ್ಟು, ರಾಷ್ಟ್ರೀಯತೆ, ಪ್ರಾದೇಶಿಕ ಮೂಲ, ಭಾಷಿಕ ಗುರುತು, ಹುಟ್ಟಿದ ಊರು, ವಾಸದ ಊರು, ಆರ್ಥಿಕ ಹಿನ್ನೆಲೆ.

ಈ ಪಟ್ಟಿಯನ್ನು ನಾವು ಗಡಿನಾಡಿನವರು ಎರಡು ಸಲ ಓದಬೇಕು. ಭಾಷಿಕ ಗುರುತು ಅಲ್ಲಿದೆ. ಕಾಸರಗೋಡಿನ ಹುಡುಗಿಯ ಮಲಯಾಳ ಉಚ್ಚಾರಣೆಗೆ ನಗುವುದು, ಜತ್ತದ ಹುಡುಗನ ಮರಾಠಿಗೆ ಅಡ್ಡಹೆಸರು ಇಡುವುದು, ಅದೇ ಮಕ್ಕಳು ಬೆಂಗಳೂರಿಗೆ ಹೋದಾಗ ‘ನಿಮ್ಮದು ಕನ್ನಡವೇ ಅಲ್ಲ’ ಎಂದು ಆಡಿಕೊಳ್ಳುವುದು, ಇವೆಲ್ಲದರ ವಿರುದ್ಧ ನಮಗೆ ಸಿಕ್ಕಿರುವ ರಕ್ಷಣೆ ಇದು. ಸಲಿಂಗಿ ವಿದ್ಯಾರ್ಥಿಗೂ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗೂ ರಕ್ಷಣೆ ಕೊಡುವುದು ಅದೇ ನಿಯಮದ ಅದೇ ವಾಕ್ಯ. ನಮ್ಮ ಪಾಲನ್ನು ಕೇಳುವಾಗ ಅವರ ಪಾಲನ್ನು ಬಿಟ್ಟು ಓದಲು ಬರುವುದಿಲ್ಲ. ನಮ್ಮ ಸಂಘಕ್ಕೂ ಈ ವಿಷಯಕ್ಕೂ ಏನು ಸಂಬಂಧ ಎಂದು ಕೇಳುವ ಸದಸ್ಯರಿಗೆ ನಮ್ಮ ಮೊದಲ ಉತ್ತರ ಇದೇ.

ಯಾರ ಬಗ್ಗೆ ಮಾತು?

ಎಲ್‌ಜಿಬಿಟಿಕ್ಯೂ ಎಂಬ ಅಕ್ಷರಗಳ ಹಿಂದೆ ಎರಡು ಬೇರೆ ಬೇರೆ ಸಂಗತಿಗಳಿವೆ. ಯಾರ ಮೇಲೆ ಒಲವು ಮೂಡುತ್ತದೆ ಎಂಬುದು ಒಂದು. ಗಂಡಿಗೆ ಗಂಡಿನ ಮೇಲೆ, ಹೆಣ್ಣಿಗೆ ಹೆಣ್ಣಿನ ಮೇಲೆ ಒಲವಿದ್ದರೆ ಸಲಿಂಗಿ ಎನ್ನುತ್ತೇವೆ. ಇಬ್ಬರ ಮೇಲೂ ಇರಬಹುದಾದರೆ ದ್ವಿಲಿಂಗಿ. ತನ್ನನ್ನು ತಾನು ಯಾರೆಂದು ಅರಿತಿದ್ದೇನೆ ಎಂಬುದು ಇನ್ನೊಂದು. ಹುಟ್ಟಿದಾಗ ಗಂಡೆಂದು ಬರೆಸಿದವರು ತಾವು ಹೆಣ್ಣೆಂದು, ಹೆಣ್ಣೆಂದು ಬರೆಸಿದವರು ಗಂಡೆಂದು, ಅಥವಾ ಎರಡೂ ಅಲ್ಲವೆಂದು ಅರಿತಿದ್ದರೆ ಟ್ರಾನ್ಸ್‌ಜೆಂಡರ್. ಕನ್ನಡ ಪತ್ರಿಕೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಎಂಬ ಮಾತು ಈಗ ರೂಢಿಗೆ ಬಂದಿದೆ. ನಾವೂ ಅದನ್ನೇ ಬಳಸುತ್ತೇವೆ.

ಮಾತಿನ ವಿಷಯದಲ್ಲಿ ನೆರೆಯ ತಮಿಳುನಾಡು ಮಾಡಿದ ಒಂದು ಕೆಲಸವನ್ನು ಹೇಳಲೇಬೇಕು. ಮದ್ರಾಸ್ ಹೈಕೋರ್ಟಿನ ಸೂಚನೆಯ ಮೇರೆಗೆ ಆ ಸರಕಾರ 2022ರಲ್ಲಿ ಈ ಸಮುದಾಯವನ್ನು ಗೌರವದಿಂದ ಕರೆಯುವ ತಮಿಳು ಪದಗಳ ಪಟ್ಟಿಯನ್ನು ರಾಜ್ಯಪತ್ರದಲ್ಲಿಯೇ ಪ್ರಕಟಿಸಿತು. ತಿರುನಂಗೈ, ತಿರುನಂಬಿ ಎಂಬ ಪದಗಳನ್ನು ಹೊಸೂರು, ತಾಳವಾಡಿಯ ನಮ್ಮ ಸದಸ್ಯರು ಕೇಳಿಯೇ ಇರುತ್ತಾರೆ. ಕನ್ನಡದಲ್ಲಿ ಬೈಗುಳಗಳು ಬೇಕಾದಷ್ಟಿವೆ. ಗೌರವದ ಪದಗಳನ್ನು ರೂಢಿಗೆ ತರುವ ಕೆಲಸ ಕನ್ನಡದ ಸಂಘಗಳದೂ ಹೌದು.

ಕಾನೂನು ನಡೆದು ಬಂದ ದಾರಿ

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ಪ್ರಕರಣದ ತೀರ್ಪಿನಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ಮೂರನೆಯ ಲಿಂಗವೆಂದು ಗುರುತಿಸಿತು. ಅವರನ್ನು ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರೆಂದು ಪರಿಗಣಿಸಿ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ಕೊಡಬೇಕೆಂದೂ ಹೇಳಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯ ದಂಡ ಸಂಹಿತೆಯ 377ನೆಯ ಕಲಮಿನಿಂದ ವಯಸ್ಕರ ಒಪ್ಪಿತ ಸಲಿಂಗ ಸಂಬಂಧವನ್ನು ಹೊರಗಿಟ್ಟಿತು. ಅಂದಿನಿಂದ ಅದು ಅಪರಾಧವಲ್ಲ. 2023ರ ಅಕ್ಟೋಬರ್‌ನಲ್ಲಿ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ನ್ಯಾಯಾಲಯ ಒಪ್ಪಲಿಲ್ಲ. ಮದುವೆಯ ಚರ್ಚೆ ಬೇರೆ, ಕಾಲೇಜಿನ ಬೆಂಚಿನಲ್ಲಿ ನೆಮ್ಮದಿಯಾಗಿ ಕೂರುವ ಹಕ್ಕು ಬೇರೆ. ಮೊದಲನೆಯದರಲ್ಲಿ ಭಿನ್ನಾಭಿಪ್ರಾಯ ಇರುವವರೂ ಎರಡನೆಯದನ್ನು ಒಪ್ಪಬಹುದು.

ಸಂಸತ್ತು 2019ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಭೇದ ಮಾಡದೆ ಓದು, ಆಟ, ಮನರಂಜನೆಗಳಲ್ಲಿ ಅವಕಾಶ ಕೊಡಬೇಕು ಎಂದು ಅದರ 13ನೆಯ ಕಲಮು ಹೇಳುತ್ತದೆ. ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು ಎಂದು 11ನೆಯ ಕಲಮು ಹೇಳುತ್ತದೆ. ನಿಮ್ಮ ಊರಿನ ಕಾಲೇಜಿನ ಸೂಚನಾ ಫಲಕದಲ್ಲಿ ಆ ಅಧಿಕಾರಿಯ ಹೆಸರಿದೆಯೇ ಎಂದು ಒಮ್ಮೆ ನೋಡಿ ಬನ್ನಿ.

ಈ ಕಾಯ್ದೆಯ ಮಿತಿಯನ್ನೂ ಗಮನಿಸಬೇಕು. ಇದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಮಾತ್ರ. ಸಲಿಂಗಿ ವಿದ್ಯಾರ್ಥಿಗೋ ಅಧ್ಯಾಪಕರಿಗೋ ಇಂಥ ಪ್ರತ್ಯೇಕ ಕಾಯ್ದೆ ಇಲ್ಲ. ಅವರು ಸಂವಿಧಾನದ ಸಮಾನತೆಯ ವಿಧಿಗಳನ್ನು, 2018ರ ತೀರ್ಪನ್ನು, ಮೇಲೆ ಹೇಳಿದ ಯುಜಿಸಿ ನಿಯಮವನ್ನು ನೆಚ್ಚಬೇಕು. ಲೈಂಗಿಕ ಕಿರುಕುಳ ತಡೆಗೆ ಯುಜಿಸಿ 2015ರಲ್ಲಿ ಮಾಡಿದ ನಿಯಮಗಳು ಮಹಿಳೆಯರ ಜೊತೆಗೆ ಕೆಲವು ಗಂಡು ವಿದ್ಯಾರ್ಥಿಗಳೂ ತೃತೀಯ ಲಿಂಗದ ವಿದ್ಯಾರ್ಥಿಗಳೂ ಇಂಥ ಕಿರುಕುಳಕ್ಕೆ ತುತ್ತಾಗಬಹುದು ಎಂದು ಸ್ಪಷ್ಟವಾಗಿ ಗುರುತಿಸಿವೆ. ಕಾಲೇಜಿನ ಆಂತರಿಕ ದೂರು ಸಮಿತಿಯ ಬಾಗಿಲು ಇವರಿಗೂ ತೆರೆದಿರಬೇಕು.

ಗಡಿ ದಾಟಿದರೆ ಏನು ಉಳಿಯುತ್ತದೆ?

ನಮ್ಮ ಮಕ್ಕಳ ಓದು ಒಂದು ರಾಜ್ಯದೊಳಗೆ ಮುಗಿಯುವುದಿಲ್ಲ. ಕಾಸರಗೋಡಿನವರು ಮಂಗಳೂರಿಗೆ, ತಾಳವಾಡಿಯವರು ಚಾಮರಾಜನಗರ, ಮೈಸೂರಿಗೆ, ಅಕ್ಕಲಕೋಟೆ, ಜತ್ತದವರು ಕಲಬುರಗಿ, ವಿಜಯಪುರಕ್ಕೆ, ಆದೋನಿ, ರಾಯದುರ್ಗದವರು ಬಳ್ಳಾರಿಗೆ ಹೋಗುತ್ತಾರೆ. ಹೊಸೂರಿನವರಿಗೆ ಬೆಂಗಳೂರು ಬಸ್ಸಿನ ದಾರಿ. ಆದ್ದರಿಂದ ಯಾವ ಸವಲತ್ತು ಗಡಿಯಲ್ಲಿ ನಿಲ್ಲುತ್ತದೆ, ಯಾವುದು ಜೊತೆಗೆ ಬರುತ್ತದೆ ಎಂದು ತಿಳಿದಿರುವುದು ನಮಗೆ ಬೇರೆಯವರಿಗಿಂತ ಹೆಚ್ಚು ಅಗತ್ಯ.

ಕೇರಳ 2015ರಲ್ಲಿಯೇ ಟ್ರಾನ್ಸ್‌ಜೆಂಡರ್ ನೀತಿಯನ್ನು ಪ್ರಕಟಿಸಿದ ರಾಜ್ಯ. 2018ರಲ್ಲಿ ಅಲ್ಲಿನ ಸರಕಾರ ವಿಶ್ವವಿದ್ಯಾಲಯಗಳಲ್ಲೂ ಅವುಗಳಿಗೆ ಸೇರಿದ ಕಲಾ ಮತ್ತು ವಿಜ್ಞಾನ ಕಾಲೇಜುಗಳಲ್ಲೂ ಪ್ರತಿ ಕೋರ್ಸಿಗೆ ಎರಡು ಹೆಚ್ಚುವರಿ ಸೀಟುಗಳನ್ನು ಇವರಿಗಾಗಿ ಇಟ್ಟಿತು. ಶಾಲೆ ಬಿಟ್ಟವರು ಮತ್ತೆ ಓದಲು ಸಾಕ್ಷರತಾ ಮಿಷನ್ನಿನ ‘ಸಮನ್ವಯ’ ಯೋಜನೆ ಇದೆ. ಕಾಸರಗೋಡು, ವಯನಾಡಿನ ಕನ್ನಡ ಮನೆಗಳಿಗೆ ಈ ಸುದ್ದಿ ತಲುಪಿದೆಯೇ ಎಂಬುದು ನಮ್ಮ ಅನುಮಾನ, ಏಕೆಂದರೆ ಇಂಥ ಪ್ರಕಟಣೆಗಳು ನಮ್ಮ ಭಾಷೆಯಲ್ಲಿ ನಮ್ಮ ಕೈಗೆ ಬರುವುದು ಅಪರೂಪ.

ತಮಿಳುನಾಡು 2008ರಲ್ಲಿ ಇವರಿಗಾಗಿ ಕಲ್ಯಾಣ ಮಂಡಳಿ ರಚಿಸಿತು. 2021ರ ಜೂನ್ 7ರಂದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಕೊಟ್ಟ ಆದೇಶ ಶಾಲಾ ಕಾಲೇಜುಗಳಿಗೆ ನೇರವಾಗಿ ಅನ್ವಯಿಸುತ್ತದೆ. ಎಲ್ಲರೂ ಬಳಸಬಹುದಾದ ಶೌಚಾಲಯ, ಅಂಕಪಟ್ಟಿಯಲ್ಲಿ ಹೆಸರು ಮತ್ತು ಲಿಂಗ ಬದಲಿಸುವ ಅವಕಾಶ, ಅರ್ಜಿಗಳಲ್ಲಿ ಗಂಡು, ಹೆಣ್ಣು ಜೊತೆಗೆ ಇನ್ನೊಂದು ಜಾಗ, ಈ ಮಕ್ಕಳನ್ನು ಅರ್ಥ ಮಾಡಿಕೊಳ್ಳಬಲ್ಲ ಸಮಾಲೋಚಕರು, ಪೋಷಕರ ಸಭೆಗಳಲ್ಲಿ ತಿಳಿವಳಿಕೆ, ಇವೆಲ್ಲ ಅದರಲ್ಲಿವೆ. ತಮ್ಮ ಮುಂದೆ ಬಂದ ಪ್ರಕರಣವನ್ನು ಅರ್ಥ ಮಾಡಿಕೊಳ್ಳಲು ತಾವೇ ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಕುಳಿತು ತಿಳಿದುಕೊಂಡದ್ದಾಗಿ ಆ ನ್ಯಾಯಮೂರ್ತಿಗಳು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ನಮಗೆ ತಿಳಿಯದು ಎಂದು ಒಪ್ಪಿಕೊಳ್ಳಲು ನಾಚಬೇಕಾಗಿಲ್ಲ.

ತೆಲಂಗಾಣದಲ್ಲಿ ನಿಜಾಮರ ಕಾಲದ 1919ರ ಒಂದು ಕಾಯ್ದೆ ಇವರ ಹೆಸರನ್ನು ಪೊಲೀಸ್ ಪಟ್ಟಿಯಲ್ಲಿ ಬರೆಸುವಂತೆಯೂ, ಹೆಣ್ಣುಡುಗೆಯಲ್ಲಿ ಕಂಡರೆ ವಾರಂಟ್ ಇಲ್ಲದೆ ಹಿಡಿಯುವಂತೆಯೂ ಅವಕಾಶ ಕೊಟ್ಟಿತ್ತು. 2023ರ ಜುಲೈಯಲ್ಲಿ ಅಲ್ಲಿನ ಹೈಕೋರ್ಟು ಅದನ್ನು ರದ್ದು ಮಾಡಿತು. ಕರ್ನಾಟಕದಲ್ಲಿ 2017ರಲ್ಲಿ ಟ್ರಾನ್ಸ್‌ಜೆಂಡರ್ ನೀತಿ ಬಂತು, 2021ರಲ್ಲಿ ಸರಕಾರಿ ನೇಮಕಾತಿಯಲ್ಲಿ ಶೇ. 1ರಷ್ಟು ಸಮತಲ ಮೀಸಲಾತಿ ಬಂತು.

ಕೇರಳದ ಎರಡು ಸೀಟು ಕೇರಳದ ಕಾಲೇಜಿಗಷ್ಟೇ. ಮಂಜೇಶ್ವರದಿಂದ ಮಂಗಳೂರಿಗೆ ರೈಲು ಹತ್ತಿದ ವಿದ್ಯಾರ್ಥಿಗೆ ಅದು ಸಿಗುವುದಿಲ್ಲ. ಮದ್ರಾಸ್ ಹೈಕೋರ್ಟಿನ ಆದೇಶವನ್ನು ಮೈಸೂರಿನ ಪ್ರಾಂಶುಪಾಲರ ಮುಂದಿಟ್ಟರೆ ಅವರು ಪಾಲಿಸಲೇಬೇಕೆಂದಿಲ್ಲ. ಗಡಿ ದಾಟಿಯೂ ಜೊತೆಗೆ ಬರುವುದು ಸುಪ್ರೀಂ ಕೋರ್ಟಿನ ತೀರ್ಪುಗಳು, 2019ರ ಕೇಂದ್ರ ಕಾಯ್ದೆ ಮತ್ತು ಯುಜಿಸಿ ನಿಯಮಗಳು. ಗೋವಾದಲ್ಲಾಗಲಿ ಆಂಧ್ರದಲ್ಲಾಗಲಿ ಕೈಯಲ್ಲಿ ಹಿಡಿದು ಹೋಗಬೇಕಾದ ಕಾಗದಗಳು ಇವೇ.

ಸೀಟು ಸಿಕ್ಕರೆ ಸಾಲದು

2011ರ ಜನಗಣತಿಯಲ್ಲಿ ‘ಇತರೆ’ ಎಂದು ಬರೆಸಿದವರು ದೇಶದಲ್ಲಿ 4.88 ಲಕ್ಷ ಮಂದಿ. ಅವರಲ್ಲಿ ಅಕ್ಷರಸ್ಥರು ಸುಮಾರು ಶೇ. 56. ಇಡೀ ದೇಶದ ಪ್ರಮಾಣ ಆಗ ಶೇ. 74. ಇಷ್ಟು ದೊಡ್ಡ ಅಂತರ ಬುದ್ಧಿಯ ಕೊರತೆಯಿಂದ ಬಂದದ್ದಲ್ಲ. ತರಗತಿಯಲ್ಲಿ ಅಣಕ, ಮನೆಯಲ್ಲಿ ಹೊಡೆತ, ಮಧ್ಯಾಹ್ನದವರೆಗೆ ಶೌಚಾಲಯಕ್ಕೆ ಹೋಗದೆ ತಡೆದುಕೊಂಡು ಕೂರುವುದು, ಆಮೇಲೆ ಒಂದು ದಿನ ಶಾಲೆಗೆ ಹೋಗುವುದನ್ನೇ ನಿಲ್ಲಿಸುವುದು, ಈ ದಾರಿಯಲ್ಲಿ ಅದು ಬಂದಿದೆ.

ಬಾಗಿಲು ತೆರೆದ ಮೇಲೂ ಏನಾಗಬಹುದು ಎಂಬುದಕ್ಕೆ 2017ರ ಕೊಚ್ಚಿ ಮೆಟ್ರೋ ಪಾಠ ನಮ್ಮ ಹತ್ತಿರದಲ್ಲೇ ಇದೆ. ಇಪ್ಪತ್ತಕ್ಕೂ ಹೆಚ್ಚು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಅಲ್ಲಿ ಕೆಲಸ ಸಿಕ್ಕಿತು. ದೇಶವೆಲ್ಲ ಹೊಗಳಿತು. ಕೆಲವೇ ವಾರಗಳಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟರು, ಏಕೆಂದರೆ ಊರಿನಲ್ಲಿ ಅವರಿಗೆ ಬಾಡಿಗೆಗೆ ಮನೆ ಕೊಡುವವರಿರಲಿಲ್ಲ. ಕಾಲೇಜಿನ ವಿಷಯದಲ್ಲಿ ಮನೆಯ ಜಾಗದಲ್ಲಿ ಹಾಸ್ಟೆಲ್ ಇದೆ. ಗಡಿ ದಾಟಿ ಓದಲು ಹೋಗುವ ಮಗುವಿಗೆ ಹಾಸ್ಟೆಲ್ ಇಲ್ಲದಿದ್ದರೆ ಸೀಟು ಇದ್ದೂ ಇಲ್ಲದಂತೆ.

ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇದಕ್ಕೆ ಉತ್ತರ ಹುಡುಕಿದ ಮೊದಲಿಗರಲ್ಲಿ ಒಂದು. ವಿದ್ಯಾರ್ಥಿಗಳೇ ಕೇಳಿ ಪಡೆದು ಹಾಸ್ಟೆಲ್ಲಿನ ಒಂದು ಭಾಗವನ್ನು ಯಾವ ಲಿಂಗದವರೂ ಇರಬಹುದಾದ ಜಾಗವಾಗಿ ಮಾಡಿಸಿಕೊಂಡರು. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ 2015ರಲ್ಲಿ ಒಬ್ಬ ವಿದ್ಯಾರ್ಥಿಯ ಕೋರಿಕೆಯಂತೆ ಶ್ರೀ, ಕುಮಾರಿ ಎಂಬ ಯಾವುದನ್ನೂ ಸೂಚಿಸದ ಗೌರವ ಪದದೊಂದಿಗೆ ಪದವಿ ಪ್ರಮಾಣಪತ್ರ ಕೊಟ್ಟಿತು. 2022ರಲ್ಲಿ ಹಾಸ್ಟೆಲ್ಲಿನ ಒಂದು ಅಂತಸ್ತನ್ನೂ ತರಗತಿ ಕಟ್ಟಡದ ಶೌಚಾಲಯವನ್ನೂ ಎಲ್ಲ ಲಿಂಗದವರಿಗೆ ಮುಕ್ತಗೊಳಿಸಿತು. ನಾವು ಕಳೆದ ವರ್ಷ ‘ಕುಮಾರ, ಕುಮಾರಿ’ ಎಂದು ತಲೆ ಕೆಡಿಸಿಕೊಂಡದ್ದಕ್ಕೆ ಹತ್ತು ವರ್ಷ ಹಿಂದೆಯೇ ಹೈದರಾಬಾದಿನಲ್ಲಿ ಉತ್ತರವಿತ್ತು.

ಇವೆಲ್ಲ ದೊಡ್ಡ ನಗರದ ದೊಡ್ಡ ಸಂಸ್ಥೆಗಳು ಎನ್ನಬಹುದು. ನಿಜ. ಸಣ್ಣ ಊರಿನ ಕಾಲೇಜಿನಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತು. ಬೆಳಿಗ್ಗೆ ಕ್ಲಾಸಿನಲ್ಲಿ ಆಡಿದ ಮಾತು ಸಂಜೆ ಅಂಗಡಿ ಜಗಲಿಗೆ ಬಂದಿರುತ್ತದೆ. ಅಂಥಲ್ಲಿ ಧ್ವಜ ಹಾರಿಸುವುದಕ್ಕಿಂತ ಗುಟ್ಟು ಕಾಪಾಡುವುದು ಹೆಚ್ಚು ಮುಖ್ಯ.

ಅಧ್ಯಾಪಕರ ಕಥೆ

ವಿದ್ಯಾರ್ಥಿಗಳ ಬಗ್ಗೆ ಮಾತನಾಡುವಾಗ ಸಿಬ್ಬಂದಿಯನ್ನು ಮರೆಯುವುದು ಸಾಮಾನ್ಯ. ರ‍್ಯಾಗಿಂಗ್ ನಿಯಮ ಅಧ್ಯಾಪಕರಿಗೆ ನೆರವಾಗುವುದಿಲ್ಲ.

ರಾಮಚಂದ್ರ ಸಿರಸ್ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದರು. ಹಿಂದಿ, ಉರ್ದು ಮಾತಿನ ಊರಿನಲ್ಲಿ ಮರಾಠಿಯ ಮೇಷ್ಟರು, ಕವಿ, ಒಂಟಿ ಜೀವ. 2010ರ ಫೆಬ್ರವರಿಯಲ್ಲಿ ಒಂದು ರಾತ್ರಿ ಕ್ಯಾಮೆರಾ ಹಿಡಿದವರು ಅವರ ಕ್ವಾರ್ಟರ್ಸಿಗೆ ನುಗ್ಗಿ, ಅವರು ಇನ್ನೊಬ್ಬ ಗಂಡಸಿನ ಜೊತೆಗಿದ್ದುದನ್ನು ಚಿತ್ರೀಕರಿಸಿದರು. ನುಗ್ಗಿದವರ ಬದಲು ಅವರನ್ನೇ ವಿಶ್ವವಿದ್ಯಾಲಯ ಅಮಾನತು ಮಾಡಿತು, ಮನೆ ಬಿಡುವಂತೆ ಹೇಳಿತು. ನಿವೃತ್ತಿಗೆ ಆಗ ಕೆಲವೇ ತಿಂಗಳು ಉಳಿದಿದ್ದವು. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟು ಅಮಾನತಿಗೆ ತಡೆ ಕೊಟ್ಟಿತು. ಏಪ್ರಿಲ್ 7ರಂದು ಅವರು ತಮ್ಮ ಬಾಡಿಗೆ ಮನೆಯಲ್ಲಿ ಸತ್ತಿರುವುದು ಕಂಡುಬಂತು. ಪರನಾಡಿನಲ್ಲಿ ತನ್ನ ಭಾಷೆ ಕಲಿಸುತ್ತ ಒಂಟಿಯಾಗಿ ಬದುಕುವ ಮೇಷ್ಟರು ಎಂದರೆ ನಮಗೆ ಗುರುತಿಲ್ಲದ ಚಿತ್ರವಲ್ಲ. ಅಂಥ ಕನ್ನಡ ಅಧ್ಯಾಪಕರು ನಮ್ಮ ಗಡಿಯೂರುಗಳ ತುಂಬ ಇದ್ದಾರೆ.

ಪಶ್ಚಿಮ ಬಂಗಾಳದ ಕೃಷ್ಣನಗರ ಮಹಿಳಾ ಕಾಲೇಜಿಗೆ 2015ರಲ್ಲಿ ಮಾನಬಿ ಬಂದ್ಯೋಪಾಧ್ಯಾಯ ಪ್ರಾಂಶುಪಾಲರಾದಾಗ ದೇಶದ ಮೊದಲ ಟ್ರಾನ್ಸ್‌ಜೆಂಡರ್ ಪ್ರಾಂಶುಪಾಲರೆಂದು ಸುದ್ದಿಯಾಯಿತು. 2016ರ ಕೊನೆಗೆ ಅವರು ಸಹೋದ್ಯೋಗಿಗಳ ಅಸಹಕಾರದಿಂದ ಬೇಸತ್ತು ರಾಜೀನಾಮೆ ಪತ್ರ ಬರೆದರು. ಕುರ್ಚಿ ಕೊಟ್ಟು ಕೈ ಕೊಡದಿದ್ದರೆ ಹೀಗಾಗುತ್ತದೆ.

ಇತ್ತೀಚಿನದು 2025ರ ಅಕ್ಟೋಬರ್ 17ರ ಸುಪ್ರೀಂ ಕೋರ್ಟಿನ ತೀರ್ಪು. ಉತ್ತರ ಪ್ರದೇಶ ಮತ್ತು ಗುಜರಾತಿನ ಎರಡು ಖಾಸಗಿ ಶಾಲೆಗಳಲ್ಲಿ ಕೆಲಸ ಕಳೆದುಕೊಂಡ ಟ್ರಾನ್ಸ್‌ಜೆಂಡರ್ ಶಿಕ್ಷಕಿ ಜೇನ್ ಕೌಶಿಕ್ ಅವರಿಗೆ ಪರಿಹಾರ ಕೊಡಿಸಿದ ನ್ಯಾಯಾಲಯ, 2019ರ ಕಾಯ್ದೆ ಕಾಗದದ ಮೇಲೆಯೇ ಉಳಿದಿದೆ ಎಂದು ಸರಕಾರಗಳನ್ನು ತರಾಟೆಗೆ ತೆಗೆದುಕೊಂಡಿತು. ಸಮಾನ ಅವಕಾಶ ನೀತಿಯ ಕರಡು ಸಿದ್ಧಪಡಿಸಲು ದೆಹಲಿ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನೂ ರಚಿಸಿತು. ನಮ್ಮ ಸದಸ್ಯರಲ್ಲಿ ಶಾಲೆ, ಕಾಲೇಜುಗಳ ಆಡಳಿತ ಮಂಡಳಿಯಲ್ಲಿ ಇರುವವರು ಕಡಿಮೆಯಿಲ್ಲ. ಖಾಸಗಿ ಶಾಲೆಗೂ ಈ ಹೊಣೆ ತಪ್ಪಿದ್ದಲ್ಲ ಎಂಬುದನ್ನು ಅವರು ಗಮನಿಸಬೇಕು.

ಬರುವ ಪ್ರಶ್ನೆಗಳು

ಇದು ನಮ್ಮ ಸಂಸ್ಕೃತಿಯಲ್ಲಿ ಇಲ್ಲ ಎಂಬ ಮಾತು ಮೊದಲು ಬರುತ್ತದೆ. ಬನದ ಹುಣ್ಣಿಮೆಗೆ, ಭರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಗಡಿಯಾಚೆಯಿಂದ ಹೋಗುವ ನಮ್ಮ ಜನ ಜೋಗತಿಯರ ಮುಂದೆ ತಲೆ ಬಾಗುವುದನ್ನು ನೋಡಿದವರು ಹೀಗೆ ಹೇಳಲಾರರು. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಆ ಪರಂಪರೆಯನ್ನು ಹೊಗಳಿ ಸುಮ್ಮನಾಗುವುದೂ ಸರಿಯಲ್ಲ. ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜಾಗವೊಂದನ್ನು ಕೊಟ್ಟ ಸಮಾಜ ತರಗತಿಯ ಬೆಂಚನ್ನು ಕೊಡಲಿಲ್ಲ. ಗುಡಿಯ ಮುಂದೆ ಕೈ ಮುಗಿದು, ಬಸ್ ಸ್ಟ್ಯಾಂಡಿನಲ್ಲಿ ಅದೇ ಮನುಷ್ಯರನ್ನು ಕಂಡು ಮುಖ ತಿರುಗಿಸುವವರು ನಾವೇ.

ಕಾಲೇಜಿನಲ್ಲಿ ಇದನ್ನೆಲ್ಲ ಮಾತನಾಡಿದರೆ ನಮ್ಮ ಮಕ್ಕಳೂ ಹಾಗೆಯೇ ಆಗುತ್ತಾರೆ ಎಂಬ ಭಯ ಪೋಷಕರಲ್ಲಿದೆ. ಈ ಭಯವನ್ನು ಗೇಲಿ ಮಾಡುವುದಿಲ್ಲ. ಆದರೆ ಸಲಿಂಗ ಒಲವು ಕಾಯಿಲೆಯಲ್ಲ ಎಂದು ಭಾರತೀಯ ಮನೋವೈದ್ಯಕೀಯ ಸಂಘ 2018ರಲ್ಲಿ ಹೇಳಿದೆ. ಅದನ್ನು ‘ಸರಿಪಡಿಸುತ್ತೇವೆ’ ಎಂದು ಚಿಕಿತ್ಸೆ ಕೊಡುವುದು ವೃತ್ತಿಗೆ ತಕ್ಕ ನಡತೆಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಮಾತನಾಡುವುದರಿಂದ ಯಾರೂ ಬದಲಾಗುವುದಿಲ್ಲ. ಮಾತನಾಡದಿದ್ದರೆ ಒಳಗೇ ನೊಂದ ಮಗು ದುಡ್ಡು ಕೀಳುವ ‘ಚಿಕಿತ್ಸೆ’ಗೋ ಇನ್ನೂ ಕೆಟ್ಟ ನಿರ್ಧಾರಕ್ಕೋ ಹೋಗುತ್ತದೆ.

ನಿಮ್ಮ ಕಾಲೇಜಿನಲ್ಲಿ ಅಂಥವರು ಎಷ್ಟು ಜನ ಇದ್ದಾರೆ, ಒಬ್ಬಿಬ್ಬರಿಗೆ ಇದೆಲ್ಲ ಏಕೆ ಎಂಬುದು ಮೂರನೆಯ ಪ್ರಶ್ನೆ. ನಮಗೆ ಈ ಪ್ರಶ್ನೆ ಹೊಸದಲ್ಲ. ಕನ್ನಡ ಮಾಧ್ಯಮದ ತರಗತಿ ಕೇಳಿದಾಗ, ಕನ್ನಡ ಶಿಕ್ಷಕರ ಹುದ್ದೆ ಕೇಳಿದಾಗ, ಫಲಕದಲ್ಲಿ ಕನ್ನಡವೂ ಇರಲಿ ಎಂದಾಗ, ಪ್ರತಿ ಕಚೇರಿಯ ಮೇಜಿನಾಚೆಯಿಂದ ನಮ್ಮನ್ನು ಕೇಳಿದ್ದು ಇದನ್ನೇ. ‘ಸಂಖ್ಯೆ ಕಡಿಮೆ ಇದೆ ಎಂಬ ಕಾರಣಕ್ಕೇ ರಕ್ಷಣೆ ಬೇಕಾಗಿರುವುದು’ ಎಂದು ಎಪ್ಪತ್ತು ವರ್ಷಗಳಿಂದ ಉತ್ತರ ಕೊಡುತ್ತ ಬಂದಿದ್ದೇವೆ. ಅದೇ ಉತ್ತರವನ್ನು ಇವರ ಪರವಾಗಿ ಹೇಳಲು ನಮಗೆ ಕಷ್ಟವಾಗಬಾರದು. ಇಷ್ಟಕ್ಕೂ ಒಬ್ಬರೂ ಇಲ್ಲ ಎಂದು ಹೇಳುವ ಕಾಲೇಜಿನಲ್ಲಿ, ಹೇಳಿಕೊಳ್ಳುವ ಧೈರ್ಯ ಮಾಡಿದವರು ಇಲ್ಲ ಎಂದಷ್ಟೇ ಅರ್ಥ.

ಕಾಲೇಜುಗಳು ಮಾಡಬಹುದಾದದ್ದು

ದೊಡ್ಡ ಅನುದಾನ ಬೇಡದ ಕೆಲಸಗಳನ್ನು ಮೊದಲು ಹೇಳುತ್ತೇವೆ. ಆಡಳಿತ ಮಂಡಳಿ, ಪೋಷಕರ ಸಂಘಗಳಲ್ಲಿರುವ ಸದಸ್ಯರು ಇವನ್ನು ಮುಂದಿಡಬಹುದು.

1. ಅರ್ಜಿಯಲ್ಲಿ ಲಿಂಗವನ್ನು ಅಗತ್ಯವಿದ್ದಲ್ಲಿ ಮಾತ್ರ ಕೇಳಿ. ಕೇಳಿದಲ್ಲಿ ಮೂರನೆಯ ಜಾಗವೂ ಇರಲಿ. ದಾಖಲೆಯ ಹೆಸರಿನ ಜೊತೆ ‘ಕರೆಯಬೇಕಾದ ಹೆಸರು’ ಎಂಬ ಒಂದು ಗೆರೆ ಇದ್ದರೆ ಹಾಜರಿ ಕೂಗುವಾಗಿನ ಮುಜುಗರ ತಪ್ಪುತ್ತದೆ.

2. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಶೌಚಾಲಯವನ್ನು ಯಾರು ಬೇಕಾದರೂ ಬಳಸಬಹುದು ಎಂದು ಬರೆದು ತೆರೆದಿಡಿ. ಹೊಸದಾಗಿ ಕಟ್ಟಬೇಕೆಂದಿಲ್ಲ.

3. ದೂರು ಅಧಿಕಾರಿ, ರ‍್ಯಾಗಿಂಗ್ ವಿರೋಧಿ ಸಮಿತಿ, 1800-180-5522 ಎಂಬ ರಾಷ್ಟ್ರೀಯ ಸಹಾಯವಾಣಿ, ಇವುಗಳ ವಿವರ ರಾಜ್ಯದ ಭಾಷೆಯಲ್ಲೂ ಕನ್ನಡದಲ್ಲೂ ಫಲಕದ ಮೇಲಿರಲಿ.

4. ವಿದ್ಯಾರ್ಥಿ ನಂಬಿ ಹೇಳಿದ ಮಾತನ್ನು ಅವರ ಒಪ್ಪಿಗೆ ಇಲ್ಲದೆ ಮನೆಗಾಗಲಿ ವಾರ್ಡನ್ನಿಗಾಗಲಿ ಸ್ಟಾಫ್ ರೂಮಿಗಾಗಲಿ ದಾಟಿಸಬೇಡಿ. ಇದು ನಮ್ಮ ಅನುಭವದ ಮಾತು.

5. ಹಾಸ್ಟೆಲ್ಲಿನಲ್ಲಿ ಎಲ್ಲಿ ಇರಬೇಕು ಎಂಬುದನ್ನು ಆ ವಿದ್ಯಾರ್ಥಿಯನ್ನೇ ಕೇಳಿ ನಿರ್ಧರಿಸಿ. ಒಂದು ಪ್ರತ್ಯೇಕ ಕೋಣೆಯಿಂದಲೂ ಆರಂಭಿಸಬಹುದು.

6. ಅಧ್ಯಾಪಕರಿಗೆ ವರ್ಷಕ್ಕೊಮ್ಮೆ ಅರ್ಧ ದಿನದ ತರಬೇತಿ ಇಡಿ. ಪಾಠದ ನಡುವೆ ನಗಿಸಲು ಆಡುವ ಒಂದು ಮಾತು ಹಿಂದಿನ ಬೆಂಚಿನ ಒಬ್ಬರನ್ನು ಇಡೀ ವರ್ಷ ಸುಡಬಹುದು.

7. ಸಿಬ್ಬಂದಿಯ ಖಾಸಗಿ ಬದುಕು ಶಿಸ್ತುಕ್ರಮಕ್ಕೆ ಕಾರಣವಾಗದು ಎಂದು ಸೇವಾ ನಿಯಮದಲ್ಲಿ ಬರೆಯಿರಿ.

8. ವಿದ್ಯಾರ್ಥಿಗಳು ತಾವೇ ಗುಂಪು ಕಟ್ಟಿಕೊಂಡರೆ ಅಡ್ಡಿ ಮಾಡಬೇಡಿ. ಮುಂಬೈ ಐಐಟಿಯಲ್ಲಿ ‘ಸಾಥಿ’ ಎಂಬ ಬಳಗ ಬಹಳ ವರ್ಷಗಳಿಂದ ಹೀಗೆ ನಡೆದುಕೊಂಡು ಬಂದಿದೆ.

ಮನಸ್ಸಿಗೆ ತೀರ ಭಾರವಾದಾಗ ಮಾತನಾಡಲು ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ. ಕನ್ನಡದಲ್ಲಿಯೂ ಮಾತನಾಡಬಹುದು. ಮಲಯಾಳ, ಮರಾಠಿಯಲ್ಲಿ ಓದಿದರೂ ನೋವನ್ನು ಮನೆಮಾತಿನಲ್ಲೇ ಹೇಳಿಕೊಳ್ಳುವ ನಮ್ಮ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ.

ನಮ್ಮ ಸಂಘ ಮಾಡುತ್ತಿರುವುದು

ಈ ವರ್ಷದ ಪ್ರತಿಭಾ ಪುರಸ್ಕಾರದ ಅರ್ಜಿಯಿಂದ ‘ಗಂಡು / ಹೆಣ್ಣು’ ಜಾಗವನ್ನು ತೆಗೆದಿದ್ದೇವೆ. ಪ್ರಮಾಣಪತ್ರದಲ್ಲಿ ಕುಮಾರ, ಕುಮಾರಿ ಇರುವುದಿಲ್ಲ, ಹೆಸರು ಮಾತ್ರ ಇರುತ್ತದೆ. ಅರ್ಜಿದಾರರು ಕೊಟ್ಟ ನಂಬರಿಗೆ, ಅವರು ಹೇಳಿದ ಹೊತ್ತಿನಲ್ಲಿ, ಅವರೊಡನೆ ಮಾತ್ರ ಮಾತನಾಡಬೇಕೆಂದು ಸ್ವಯಂಸೇವಕರಿಗೆ ತಿಳಿಸಿದ್ದೇವೆ. ಯುಜಿಸಿ ನಿಯಮದ ಆ ಸಾಲು ಮತ್ತು 2019ರ ಕಾಯ್ದೆಯ ಮುಖ್ಯ ಕಲಮುಗಳನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಎಲ್ಲ ಘಟಕಗಳಿಗೆ ಕಳುಹಿಸುತ್ತೇವೆ. ಕಾಲೇಜಿಗೆ ಸೇರುವ ಮಕ್ಕಳಿಗೆ ಕೊಡುವ ಮಾಹಿತಿ ಕೈಪಿಡಿಯಲ್ಲಿ ಅದೂ ಇರುತ್ತದೆ.

ಇದಕ್ಕೆ ಸಮಿತಿಯಲ್ಲಿ ಎಲ್ಲರೂ ಒಂದೇ ಮನಸ್ಸಿನಿಂದ ಒಪ್ಪಿದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಹಿರಿಯರೊಬ್ಬರು ‘ಇದೆಲ್ಲ ನನಗೆ ಅರ್ಥವಾಗುವುದಿಲ್ಲ, ಆದರೆ ಕನ್ನಡದಲ್ಲಿ ಚೆನ್ನಾಗಿ ಬರೆದ ಮಗು ನಮ್ಮ ವೇದಿಕೆಗೆ ಬರಲಿಲ್ಲವಲ್ಲ, ಅದು ನನಗೆ ಅರ್ಥವಾಗುತ್ತದೆ’ ಎಂದರು. ಅಲ್ಲಿಂದ ಮುಂದೆ ಚರ್ಚೆ ಸುಲಭವಾಯಿತು. ಸದಸ್ಯರ ಒಪ್ಪಿಗೆ, ಆಕ್ಷೇಪ ಎರಡೂ ನಮಗೆ ಬೇಕು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯಕ್ಕೆ ಸಮಯ ಇಟ್ಟಿದ್ದೇವೆ. ಸಭೆಯಲ್ಲಿ ಎದ್ದು ಹೇಳಲು ಸಂಕೋಚವಿರುವವರು ಬರೆದು ಕೊಡಬಹುದು, ಹೆಸರು ಹಾಕಬೇಕಾಗಿಲ್ಲ.

ಕಳೆದ ವರ್ಷದ ಆ ಪ್ರಮಾಣಪತ್ರವನ್ನು ಹೆಸರು ಮಾತ್ರ ಇರುವಂತೆ ಮತ್ತೆ ಅಚ್ಚು ಹಾಕಿಸಿ ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಬಹುಮಾನದ ಹಣವೂ ಹಾಗೆಯೇ ಇದೆ. ಬಂದು ತೆಗೆದುಕೊಳ್ಳಬಹುದು, ವೇದಿಕೆಯ ಮೇಲಾದರೂ ಸರಿ, ಯಾರಿಗೂ ತಿಳಿಯದಂತಾದರೂ ಸರಿ. ಅದು ಅವರ ಇಷ್ಟ.